ಮೂರು ಮೇಜಿನ ಕೆಲಸ, ಒಬ್ಬನೇ ನಾನು. ಹುರುಪು ಎಲ್ಲಿಂದ ತರಲಿ?

ಮೂರು ಮೇಜು
ಸರ್ಕಾರಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ನನ್ನದು ಜನರ ಅರ್ಜಿ ನೋಡುವ ಮೇಜು. ಪಕ್ಕದ ಲೆಕ್ಕಪತ್ರದ ಮೇಜಿನವರು ನಿವೃತ್ತರಾದರು, ಜಾಗ ತುಂಬಲಿಲ್ಲ. ಎದುರಿನ ಸಿಬ್ಬಂದಿ ಮೇಜಿನವರು ವರ್ಗಾವಣೆಯಾದರು, ಅದೂ ತುಂಬಲಿಲ್ಲ. ಎರಡರ ಪ್ರಭಾರವೂ ನನಗೇ ಬಂತು. ಆದೇಶದಲ್ಲಿ 'ತಾತ್ಕಾಲಿಕವಾಗಿ' ಅಂತ ಇದೆ. ಆ ತಾತ್ಕಾಲಿಕಕ್ಕೆ ಈಗ ಎರಡೂವರೆ ವರ್ಷ.

ಕೆಲಸ ಜಾಸ್ತಿ ಅನ್ನುವುದೊಂದೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಮೊದಲೂ ಜಾಸ್ತಿಯೇ ಇತ್ತು. ಆದರೆ ಆಗ ಒಂದು ಕಡತ ಮುಗಿದರೆ ಮನಸ್ಸಿಗೆ ಹಗುರ ಆಗುತ್ತಿತ್ತು. ಈಗ ಮುಗಿದರೂ ಏನೂ ಅನಿಸುವುದಿಲ್ಲ. ಮೊನ್ನೆ ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ ಕೊನೆಗೂ ಮಂಜೂರಾಯಿತು. ಅವರು ಕೌಂಟರಿಗೆ ಬಂದು ಏನೋ ಒಳ್ಳೆಯ ಮಾತು ಹೇಳಿದರು. ನಾನು ತಲೆ ಎತ್ತದೆ 'ಮುಂದಿನವರು' ಅಂದೆ. ರಾತ್ರಿ ಮಲಗಿದಾಗ ಅದೇ ನೆನಪು. ನಾನು ಹೀಗಿರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಆದವರು ಹೊರಗೆ ಬಂದಿದ್ದೀರಾ? 'ಯೋಗ ಮಾಡಿ' ಅಂತ ದಯವಿಟ್ಟು ಬರೆಯಬೇಡಿ.

ಟಪಾಲು
ಯೋಗ ಮಾಡಿ. (ತಮಾಷೆಗೆ ಅಂದೆ, ಹೊಡೀಬೇಡಿ.)

ರಾತ್ರಿ ಪಾಳಿ
ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ನಾನು. 'ಮುಂದಿನವರು' ಓದಿ ಎದೆ ಝಲ್ಲೆಂದಿತು. ನಮ್ಮಲ್ಲಿ ರೋಗಿಗಳಿಗೆ ಹೆಸರು ಹೋಗಿ ಹಾಸಿಗೆ ನಂಬರ್ ಬರುತ್ತದಲ್ಲ, ಅದೂ ಇದೇ ಕಾಯಿಲೆ. 'ಹನ್ನೆರಡಕ್ಕೆ ಡ್ರಿಪ್ ಹಾಕು' ಅನ್ನುತ್ತೇವೆ. ಹನ್ನೆರಡಲ್ಲಿ ಮಲಗಿರುವುದು ಯಾರೋ ಒಬ್ಬರ ಅಪ್ಪ ಅಂತ ನೆನಪಾಗುವುದು ಪಾಳಿ ಮುಗಿದ ಮೇಲೆ.

ನಿಮಗೆ ಇನ್ನೂ ಬೇಜಾರಾಗುತ್ತಿದೆ ಅಂದರೆ ನೀವು ಪೂರ್ತಿ ಹೋಗಿಲ್ಲ. ನನಗೆ ಮಧ್ಯೆ ಒಂದು ವರ್ಷ ಬೇಜಾರೂ ಆಗುತ್ತಿರಲಿಲ್ಲ.

ಸಾಲಿನಲ್ಲಿ ನಿಂತವ
ಕ್ಷಮಿಸಿ, ನನಗೆ ಅಷ್ಟೇನೂ ಕನಿಕರ ಹುಟ್ಟುತ್ತಿಲ್ಲ. ತಿಂಗಳಾದರೆ ಸಂಬಳ ಬರುತ್ತದೆ, ಕೆಲಸದಿಂದ ತೆಗೆಯುವ ಭಯ ಇಲ್ಲ. ನಾನು ಒಂದು ಪ್ರಮಾಣಪತ್ರಕ್ಕೆ ಆರು ಸಲ ಅಲೆದಿದ್ದೇನೆ. ಆರರಲ್ಲಿ ನಾಲ್ಕು ಸಲ ಕುರ್ಚಿ ಖಾಲಿ. ಕೇಳಿದರೆ 'ಮೀಟಿಂಗಿಗೆ ಹೋಗಿದ್ದಾರೆ'.

ಮೂರು ಮೇಜು
ಆ ನಾಲ್ಕು ಸಲದಲ್ಲಿ ಎರಡು ಸಲವಾದರೂ ಆ ಮನುಷ್ಯ ನಿಜವಾಗಿಯೂ ಮೀಟಿಂಗಿನಲ್ಲಿ ಇದ್ದಿರಬಹುದು ಸ್ವಾಮಿ. ಬಾಕಿ ಅರ್ಜಿಗಳು ಯಾಕೆ ಬಾಕಿ ಇವೆ ಅಂತ ವಿವರಿಸುವ ಮೀಟಿಂಗ್. ಅದರಲ್ಲಿ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನಕ್ಕೆ ಇನ್ನಷ್ಟು ಬಾಕಿ ಬೀಳುತ್ತದೆ.

ಟಪಾಲು
ಮೇಲಿನದನ್ನು ಚೌಕಟ್ಟು ಹಾಕಿಸಿ ನಮ್ಮ ಕಚೇರಿ ಗೋಡೆಗೆ ಹಾಕಬೇಕು.

ತಕರಾರು
ಸಾಲಿನಲ್ಲಿ ನಿಂತವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಬ್ರಿಟನ್ನಿನ ಇತಿಹಾಸಕಾರ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲೇ ಬರೆದಿದ್ದರು, ಇರುವ ಸಮಯವೆಲ್ಲ ತುಂಬುವ ತನಕ ಕೆಲಸ ಹಿಗ್ಗುತ್ತದೆ ಅಂತ. ಅವರು ಕೊಟ್ಟ ಲೆಕ್ಕ ಬ್ರಿಟಿಷ್ ನೌಕಾಪಡೆಯದು. 1914ರಲ್ಲಿ ದೊಡ್ಡ ಯುದ್ಧನೌಕೆಗಳು 62, 1928ಕ್ಕೆ 20. ಅದೇ ಅವಧಿಯಲ್ಲಿ ಕಚೇರಿಯಲ್ಲಿ ಕೂತ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಹಡಗು ಮುಳುಗಿದಷ್ಟೂ ಕಾಗದ ತೇಲಿತು.

ಹಳೇ ಗುಮಾಸ್ತ
ಪಾರ್ಕಿನ್ಸನ್ ಹೇಳಿದ್ದು ಜನ ಜಾಸ್ತಿಯಾಗಿ ಒಬ್ಬರಿಗೊಬ್ಬರು ಕೆಲಸ ಹುಟ್ಟಿಸುವ ಕಥೆ. ಇಲ್ಲಿ ಇರುವುದು ಮೂವರ ಜಾಗದಲ್ಲಿ ಒಬ್ಬ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ತಕರಾರು
ಮೇಲೆ ಜನ ಜಾಸ್ತಿ, ಕೆಳಗೆ ಜನ ಕಡಿಮೆ ಆದರೆ ಎರಡೂ ಒಟ್ಟಿಗೇ ನಿಜ ಆಗುತ್ತದೆ. ಹತ್ತು ಜನ ವರದಿ ಕೇಳುತ್ತಾರೆ, ಒಬ್ಬ ಬರೆಯುತ್ತಾನೆ.

ಹಳೇ ಗುಮಾಸ್ತ
ಹಾಂ, ಅದು ಒಪ್ಪಿದೆ.

ಮೂರು ಮೇಜಿನವರೇ, ಮೂವತ್ನಾಲ್ಕು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಒಂದು ಕಹಿ ಮಾತು ಹೇಳುತ್ತೇನೆ. ಆ ಎರಡು ಹುದ್ದೆ ತುಂಬದೇ ಇರುವುದಕ್ಕೆ ಒಂದು ಕಾರಣ ನೀವೇ. ನೀವು ಮೂರೂ ಮೇಜನ್ನು ಹೇಗೋ ಎಳೆದುಕೊಂಡು ಹೋಗುತ್ತಿದ್ದೀರಿ. ಮೇಲಿನವರ ಕಣ್ಣಿಗೆ ಅಲ್ಲಿ ಕೊರತೆಯೇ ಇಲ್ಲ, ಕಡತ ಹೋಗುತ್ತಿದೆ, ಅಷ್ಟು ಸಾಕು. ಎಳೆಯುವ ಎತ್ತಿಗೇ ಇನ್ನೊಂದು ಮೂಟೆ. ಎಳೆಯದ ಎತ್ತು ನೆರಳಲ್ಲಿ ಮೆಲುಕು ಹಾಕುತ್ತಿರುತ್ತದೆ, ಅದರ ತಂಟೆಗೆ ಯಾರೂ ಹೋಗುವುದಿಲ್ಲ.

ನಮ್ಮ ಶಾಖೆಯಲ್ಲಿ ಒಬ್ಬರಿದ್ದರು. ಏನು ಕೊಟ್ಟರೂ ತಪ್ಪು ಮಾಡಿ ತರುವರು. ಬೇಕೆಂದೇ ಮಾಡುತ್ತಿದ್ದರಾ, ಬರುತ್ತಲೇ ಇರಲಿಲ್ಲವಾ, ಇವತ್ತಿಗೂ ಗೊತ್ತಿಲ್ಲ. ಎರಡು ವರ್ಷದಲ್ಲಿ ಅವರಿಗೆ ಕೆಲಸ ಕೊಡುವುದನ್ನೇ ಎಲ್ಲರೂ ಬಿಟ್ಟರು. ಅವರ ಪಾಲು ನನಗೆ ಬಂತು. ಬಡ್ತಿ ಇಬ್ಬರಿಗೂ ಒಂದೇ ದಿನ ಬಂತು, ಸೇವಾ ಹಿರಿತನದ ಮೇಲೆ.

ಹೊಸಬಳು
ನಾನು ಸೇರಿ ಎಂಟು ತಿಂಗಳು. ಇದನ್ನೆಲ್ಲ ಓದಿ ಭಯ ಆಗುತ್ತಿದೆ. ಸೇರುವಾಗ ನಿಜವಾಗಿಯೂ ಜನರಿಗೆ ಏನಾದರೂ ಮಾಡಬೇಕು ಅಂತಲೇ ಬಂದೆ. ಹಾಗೆ ಹೇಳಿದರೆ ಕಚೇರಿಯಲ್ಲಿ ನಗುತ್ತಾರೆ.

ಓದಿನ ಹುಚ್ಚು
ನಗುವವರನ್ನು ಬಿಡಿ ಹೊಸಬಳು. ನೀವು ಹೇಳಿದ್ದಕ್ಕೆ ಪಾಠದಲ್ಲಿ ಹೆಸರೇ ಇದೆ, 'ಸಾರ್ವಜನಿಕ ಸೇವಾ ಪ್ರೇರಣೆ' ಅಂತ. ಅಮೆರಿಕದ ಜೇಮ್ಸ್ ಪೆರ್ರಿ ಮತ್ತು ಲೋಯಿಸ್ ವೈಸ್ 1990ರಲ್ಲಿ ಒಂದು ಲೇಖನ ಬರೆದರು. ಸಾರ್ವಜನಿಕ ಸೇವೆಗೆ ಬರುವ ಕೆಲವರಿಗೆ ದುಡ್ಡಿನ ಆಚೆಗೂ ಒಂದು ಸೆಳೆತ ಇರುತ್ತದೆ ಅನ್ನುವುದು ಅವರ ವಾದ. 1996ರಲ್ಲಿ ಪೆರ್ರಿ ಅದನ್ನು ಅಳೆಯಲು ಪ್ರಶ್ನಾವಳಿಯನ್ನೂ ಮಾಡಿದರು. ನಾಲ್ಕು ಮುಖ ಅದಕ್ಕೆ: ನೀತಿ ರೂಪಿಸುವುದರಲ್ಲಿ ಆಸಕ್ತಿ, ಸಾರ್ವಜನಿಕ ಹಿತದ ಬದ್ಧತೆ, ಕರುಣೆ, ತನ್ನನ್ನು ಬಿಟ್ಟುಕೊಡುವ ಗುಣ.

ಆದರೆ ಇದರಲ್ಲೇ ಒಂದು ಮುಳ್ಳೂ ಇದೆ. ಇಂಥ ಮನಸ್ಸಿನವರೇ ಬೇಗ ಸುಟ್ಟುಹೋಗಬಹುದು. 'ನಾನು ಮಾಡದಿದ್ದರೆ ಆ ಅಜ್ಜಿ ಗತಿ ಏನು' ಅಂತ ಕೂರುವವರು ಅವರೇ ತಾನೇ? ಕರುಣೆ ಇಲ್ಲದವನು ಐದೂವರೆಗೆ ಎದ್ದು ಹೋಗುತ್ತಾನೆ.

ಖಾಸಗಿ ಜೀತ
ಐದೂವರೆ! ಎಂಥ ಚೆಂದದ ಪದ.

ಸಾಲಿನಲ್ಲಿ ನಿಂತವ
ಹೌದು, ಅದೇ ನಾನೂ ಹೇಳಬೇಕು ಅಂದುಕೊಂಡೆ.

ಅರ್ಧ ಅಧಿಕಾರಿ
ನಾನು ಬೈಸಿಕೊಳ್ಳುವ ಜಾತಿ. ಹನ್ನೆರಡು ಜನರ ಮೇಲೆ ಇರುವವನು, ನನ್ನ ಮೇಲೆ ಇನ್ನೂ ನಾಲ್ಕು ಮೆಟ್ಟಿಲು. ಇಲ್ಲಿ 'ಮೇಲಿನವರು' ಅಂತ ಎಲ್ಲರೂ ಬೈಯುತ್ತಿದ್ದೀರಿ, ನನ್ನ ಕೈಯಲ್ಲಿ ಏನಿದೆ ಕೇಳಿ. ಹುದ್ದೆ ತುಂಬುವ ಅಧಿಕಾರ ಇಲ್ಲ. ಒಳ್ಳೆ ಕೆಲಸಕ್ಕೆ ಸಂಬಳ ಏರಿಸುವ ಅಧಿಕಾರ ಇಲ್ಲ. ಕೆಲಸ ಮಾಡದವನನ್ನು ಕದಲಿಸುವ ಅಧಿಕಾರವೂ ಇಲ್ಲ. ಇರುವುದು ಎರಡೇ: ನೋಟಿಸ್ ಕೊಡಬಹುದು, ಬೆನ್ನು ತಟ್ಟಬಹುದು. ಬೆನ್ನು ತಟ್ಟಿದರೆ 'ಇನ್ನೇನೋ ಕೆಲಸ ಹಚ್ಚಲಿಕ್ಕೆ ಬಂದ' ಅಂತ ಅನುಮಾನ ಪಡುತ್ತಾರೆ.

ಟಪಾಲು
ಅನುಮಾನ ಸರಿಯಾಗಿಯೇ ಇರುತ್ತದೆ ಅಲ್ವಾ?

ಅರ್ಧ ಅಧಿಕಾರಿ
ಹತ್ತರಲ್ಲಿ ಎಂಟು ಸಲ ಸರಿ. ಒಪ್ಪಿದೆ.

ಕಪ್ಪು ಹಲಗೆ
ಶಿಕ್ಷಕಿ. ನಮ್ಮದು ಇನ್ನೊಂದು ಬಗೆಯ ಹೊರೆ. ಪಾಠ ಮಾಡಿ ಸುಸ್ತಾದರೆ ಅದು ಒಳ್ಳೆ ಸುಸ್ತು, ರಾತ್ರಿ ನಿದ್ದೆ ಬರುತ್ತದೆ. ನನ್ನನ್ನು ತಿನ್ನುವುದು ಪಾಠ ಮಾಡಿದ್ದಕ್ಕೆ ಸಾಕ್ಷಿ ಕೊಡುವ ಕೆಲಸ. ಹಾಜರಿ ಪುಸ್ತಕದಲ್ಲಿ ಬರೆಯಬೇಕು. ಅದನ್ನೇ ಆ್ಯಪಿನಲ್ಲಿ ಹಾಕಬೇಕು. ಅದನ್ನೇ ಇನ್ನೊಂದು ಜಾಲತಾಣಕ್ಕೆ ಏರಿಸಬೇಕು. ಆಮೇಲೆ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಕಳಿಸಬೇಕು. ನಾಲ್ಕು ಕಡೆ ಒಂದೇ ಸಂಖ್ಯೆ. ಒಂದು ಕಡೆ ತಪ್ಪಿದರೆ ವಿವರಣೆ ಕೊಡುವ ಐದನೇ ಕೆಲಸ.

ಕಾಗದ ಕಡಿಮೆ ಮಾಡಲು ಕಂಪ್ಯೂಟರ್ ತಂದರು. ಕಾಗದವೂ ಉಳಿಯಿತು, ಕಂಪ್ಯೂಟರೂ ಉಳಿಯಿತು.

ರಾತ್ರಿ ಪಾಳಿ
ವಾಟ್ಸಾಪ್ ಗುಂಪಿನ ಬಗ್ಗೆ ಬೇರೆ ಚರ್ಚೆಯೇ ಮಾಡಬೇಕು. ರಾತ್ರಿ ಹನ್ನೊಂದಕ್ಕೆ 'ತುರ್ತು' ಅಂತ ಸಂದೇಶ. ತಕ್ಷಣ ಇಪ್ಪತ್ತೆಂಟು ಜನ ಹೆಬ್ಬೆರಳು ಒತ್ತುತ್ತಾರೆ. ಒತ್ತದ ನಾನೇ ಸೋಮಾರಿ.

ಓದಿನ ಹುಚ್ಚು
ಫ್ರಾನ್ಸಿನಲ್ಲಿ 2017ರಿಂದ 'ಸಂಪರ್ಕ ಕಡಿದುಕೊಳ್ಳುವ ಹಕ್ಕು' ಅಂತ ಕಾನೂನು ಇದೆ. ಕೆಲಸದ ಸಮಯ ಮುಗಿದ ಮೇಲೆ ಫೋನ್, ಮೇಲ್ ನೋಡದೇ ಇರುವ ಬಗ್ಗೆ ನೌಕರರ ಜೊತೆ ಕೂತು ಮಾತಾಡಬೇಕು.

ತಕರಾರು
ಅದು ಐವತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿಗಳ ಕಾರ್ಮಿಕ ಕಾನೂನು. ಇಲ್ಲಿ ಮಾತು ಸರ್ಕಾರಿ ಕಚೇರಿಯದು.

ಓದಿನ ಹುಚ್ಚು
ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ಪಕ್ಕಾ ಸರ್ಕಾರಿ ನೌಕರರ ಮೇಲೇ ನಡೆದ ಅಧ್ಯಯನ ಹೇಳುತ್ತೇನೆ, ಇದರಲ್ಲಿ ತಪ್ಪು ಹುಡುಕಿ ನೋಡೋಣ.

ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ. 1967ರಲ್ಲಿ ಶುರುವಾಯಿತು. ಆಗ ಎಲ್ಲರೂ ಅಂದುಕೊಂಡದ್ದು ಏನು? ದೊಡ್ಡ ಹುದ್ದೆಯವರಿಗೆ ತಲೆಬಿಸಿ ಜಾಸ್ತಿ, ಹಾಗಾಗಿ ಹೃದಯದ ಕಾಯಿಲೆಯೂ ಅವರಿಗೇ ಅಂತ. ಫಲಿತಾಂಶ ಉಲ್ಟಾ ಬಂತು. ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವುದು ಮೇಲಿನವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ಹಿಡಿದರೂ ಪೂರ್ತಿ ಉತ್ತರ ಸಿಗಲಿಲ್ಲ. 1985ರಲ್ಲಿ ಎರಡನೇ ಸುತ್ತಿನ ಅಧ್ಯಯನ ಶುರುವಾಯಿತು, ಮೈಕೆಲ್ ಮಾರ್ಮಟ್ ಅವರದು, 10,308 ನೌಕರರು. ಅಲ್ಲಿ ಎದ್ದು ಕಂಡ ಕಾರಣಗಳಲ್ಲಿ ಒಂದು: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು.

ಅಂದರೆ ಯಾವುದನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಏಳಬೇಕು ಅನ್ನುವುದು ನನ್ನ ಕೈಯಲ್ಲಿ ಇಲ್ಲ ಅನ್ನುವುದು. ರಾಬರ್ಟ್ ಕರಾಸೆಕ್ 1979ರಲ್ಲಿ ಇದನ್ನೇ ಹೇಳಿದ್ದರು. ಹೊರೆ ಜಾಸ್ತಿ, ಹಿಡಿತವೂ ಜಾಸ್ತಿ ಇದ್ದರೆ ಮನುಷ್ಯ ಬೆಳೆಯುತ್ತಾನೆ. ಹೊರೆ ಜಾಸ್ತಿ, ಹಿಡಿತ ಇಲ್ಲ ಅಂದರೆ ಕುಸಿಯುತ್ತಾನೆ.

ತಕರಾರು
ತಪ್ಪು ಸಿಗಲಿಲ್ಲ. ಆದರೆ ಮೊದಲ ಸುತ್ತಿನಲ್ಲಿ ಗಂಡಸರು ಮಾತ್ರ ಇದ್ದರು ಅಂತ ಸೇರಿಸಿ.

ಕಪ್ಪು ಹಲಗೆ
ಹೆಂಗಸರನ್ನು ಸೇರಿಸಿದ್ದರೆ ಕಚೇರಿ ಮುಗಿದ ಮೇಲಿನ ಎರಡನೇ ಪಾಳಿಯನ್ನೂ ಎಣಿಸಬೇಕಾಗುತ್ತಿತ್ತಲ್ಲ.

ಮೂರು ಮೇಜು
ಹಿಡಿತ ಅನ್ನುವ ಪದ ಚೆನ್ನಾಗಿದೆ. ಒಂದು ಮೇಜು ಇದ್ದಾಗ ಬೆಳಿಗ್ಗೆ ಬಂದು ನಾನೇ ಕಡತ ಜೋಡಿಸಿಕೊಳ್ಳುತ್ತಿದ್ದೆ. ಕಷ್ಟದ್ದು ಮೊದಲು, ಸುಲಭದ್ದು ಮಧ್ಯಾಹ್ನ. ಈಗ ಯಾರು ಜೋರಾಗಿ ಕೂಗುತ್ತಾರೋ ಅವರದು ಮೊದಲು. ಕೂಗದ ಅಜ್ಜಿಯದು ಕೊನೆಗೆ. ಆ ಅಜ್ಜಿ ಏಳು ತಿಂಗಳು ಕಾದಿದ್ದು ಇದಕ್ಕೇ.

ಸಾಲಿನಲ್ಲಿ ನಿಂತವ
ಏಳು ತಿಂಗಳಾ? ಅವರು ನಿಮಗೆ ಒಳ್ಳೆ ಮಾತು ಹೇಳಿದರಾ? ನಾನಾಗಿದ್ದರೆ ಕೌಂಟರ್ ಗಾಜು ಒಡೆಯುತ್ತಿದ್ದೆ.

ಮೂರು ಮೇಜು
ಅದಕ್ಕೇ ನಿದ್ದೆ ಬರಲಿಲ್ಲ ಅಂದಿದ್ದು.

ಸಾಲಿನಲ್ಲಿ ನಿಂತವ
ಹ್ಮ್.

ಖಾಸಗಿ ಜೀತ
ಬೇರೆ ವಿಷಯ. ಕಡತ ಕಟ್ಟುವ ಆ ಕೆಂಪು ದಾರಕ್ಕೆ ಏನೋ ಒಂದು ಹೆಸರಿದೆಯಲ್ಲ, ಏನದು?

ಹಳೇ ಗುಮಾಸ್ತ
ಲಾಡಿ ಅನ್ನುತ್ತಿದ್ದೆವು. ನನ್ನ ಕಾಲದಲ್ಲಿ ಅದೂ ಸಾಲುತ್ತಿರಲಿಲ್ಲ, ಹಳೇ ಕಡತದಿಂದ ಬಿಚ್ಚಿ ಹೊಸದಕ್ಕೆ ಕಟ್ಟುತ್ತಿದ್ದೆ. ಬಿಚ್ಚಿದ ಹಳೇ ಕಡತವನ್ನೇ ಮರುದಿನ ಕೇಳುವರು, ಹಾಳೆ ಎಲ್ಲ ಚೆಲ್ಲಾಪಿಲ್ಲಿ.

ಹೊಸಬಳು
ನಾನು ಬಂದ ಮೊದಲ ವಾರ ನನ್ನ ಕೆಲಸವೇ ಅದು, ಚೆಲ್ಲಾಪಿಲ್ಲಿ ಹಾಳೆ ಜೋಡಿಸುವುದು. ಖುಷಿಯಾಗಿತ್ತು ಗೊತ್ತಾ? ಸಂಜೆಗೆ ಒಂದು ರಾಶಿ ಸರಿಯಾಗಿ ಕೂತಿರುತ್ತಿತ್ತು.

ಓದಿನ ಹುಚ್ಚು
ಅದೇ! ಮಾಡಿದ್ದು ಕಣ್ಣಿಗೆ ಕಾಣಬೇಕು. ಆ್ಯಡಂ ಗ್ರಾಂಟ್ ಮತ್ತು ಜೊತೆಯವರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಜನರಿಗೆ ಫೋನ್ ಮಾಡಿ ವಿಶ್ವವಿದ್ಯಾಲಯಕ್ಕಾಗಿ ದೇಣಿಗೆ ಕೇಳುವ ಹುಡುಗರು. ಬೇಸರದ ಕೆಲಸ. ಕೆಲವರನ್ನು ಮಾತ್ರ ಆ ದುಡ್ಡಿನಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಕೆಲವೇ ನಿಮಿಷ ಕೂರಿಸಿದರು. ತಿಂಗಳಾದ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆದ ಸಮಯ 142 ಶೇಕಡಾ ಜಾಸ್ತಿ, ತಂದ ದುಡ್ಡು 171 ಶೇಕಡಾ ಜಾಸ್ತಿ. ಸಂಬಳ ಅಷ್ಟೇ.

ತಕರಾರು
ಇದನ್ನು ಯಾವ ಮೇಲಧಿಕಾರಿಗೂ ತೋರಿಸಬೇಡಿ ಮಾರಾಯರೇ. ನಾಳೆಯೇ ಸುತ್ತೋಲೆ ಬರುತ್ತದೆ: ಪ್ರತಿ ಶನಿವಾರ ಫಲಾನುಭವಿ ಜೊತೆ ಐದು ನಿಮಿಷ ಕೂತು, ಫೋಟೋ ತೆಗೆದು, ಗುಂಪಿಗೆ ಹಾಕಿ.

ಕಪ್ಪು ಹಲಗೆ
ನಿಗದಿತ ನಮೂನೆಯಲ್ಲಿ.

ಟಪಾಲು
ಮೂರು ಪ್ರತಿಗಳಲ್ಲಿ.

ರಾತ್ರಿ ಪಾಳಿ
ನಗು ಬಂತು, ಆದರೆ ತಕರಾರು ಹೇಳಿದ್ದರಲ್ಲಿ ಸತ್ಯ ಇದೆ. ನಮ್ಮಲ್ಲಿ ರೋಗಿ ಕಣ್ಣೆದುರೇ ಇರುತ್ತಾನೆ. ಮಾಡಿದ್ದು ಕಾಣುವುದೇ ಸಾಕು ಅಂದರೆ ನರ್ಸುಗಳು ಯಾರೂ ಕೆಲಸ ಬಿಡಬಾರದಿತ್ತು. ಮೂವತ್ತು ರೋಗಿಗೆ ಇಬ್ಬರು ಅಂದಾಗ, ಕಾಣುವುದೇ ಹಿಂಸೆ. ಮಾಡಬೇಕಾದ್ದು ಏನು ಅಂತ ಗೊತ್ತು, ಮಾಡಲು ಆಗುವುದಿಲ್ಲ. ಆಗ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಹುರುಪಿನ ತರಬೇತಿ ಕೊಟ್ಟರು ನಮಗೆ, ಒಂದು ದಿನ ಪೂರ್ತಿ. ಆ ದಿನ ವಾರ್ಡಿನಲ್ಲಿ ಉಳಿದದ್ದು ಒಬ್ಬಳು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಸುಟ್ಟುಹೋಗುವುದನ್ನು 'ಬರ್ನ್‌ಔಟ್' ಅಂತ ತನ್ನ ಕಾಯಿಲೆಗಳ ವರ್ಗೀಕರಣದ ಪಟ್ಟಿಯಲ್ಲಿ ಬರೆಯಿತು. ಕಾಯಿಲೆ ಅಂತ ಅಲ್ಲ, ಕೆಲಸದ ಜಾಗಕ್ಕೆ ಸೇರಿದ ಸ್ಥಿತಿ ಅಂತ. ಮೂರು ಗುರುತು ಕೊಟ್ಟಿದೆ: ಶಕ್ತಿ ಸೋರಿಹೋದ ಹಾಗಾಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಅನಿಸುವುದು. ಮೂರು ಮೇಜಿನವರ ಮೊದಲ ಬರಹದಲ್ಲಿ ಇವೆಲ್ಲ ಇವೆ. ಗಮನಿಸಿ, ಸ್ಥಿತಿ ಇರುವುದು ಕೆಲಸದ ಜಾಗದಲ್ಲಿ. ಔಷಧಿ ಮಾತ್ರ ಯಾವಾಗಲೂ ನಮಗೇ ಕುಡಿಸುತ್ತಾರೆ.

ಅರ್ಧ ಅಧಿಕಾರಿ
ಈ ಮಾತು ನನಗೆ ನಾಟಿತು. ಆ ತರಬೇತಿಗಳನ್ನು ಏರ್ಪಡಿಸುವವನು ನಾನೇ.

ಸರಿ, ಬೈಗುಳ ತಿಂದಾಯಿತು, ಉಪಯೋಗದ ಮಾತು ಒಂದು ಹೇಳುತ್ತೇನೆ. ಮೂರು ಮೇಜಿನವರೇ, ನೀವು ಮಾಡುವ ಎಲ್ಲ ಕೆಲಸದ ಪಟ್ಟಿ ಬರೆಯಿರಿ. ಪ್ರತಿಯೊಂದಕ್ಕೂ ವಾರಕ್ಕೆ ಎಷ್ಟು ಗಂಟೆ ಅಂತ ಹಾಕಿ. ಕೂಡಿಸಿ. ಅರವತ್ತೋ ಎಪ್ಪತ್ತೋ ಬರುತ್ತದೆ. ಕೆಳಗೆ ಒಂದೇ ಸಾಲು: 'ಲಭ್ಯವಿರುವ ಸಮಯದಲ್ಲಿ ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ದಯವಿಟ್ಟು ಆದೇಶಿಸಿ.' ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಲ್ಲಿ ಹೇಳಿದರೆ ನಾವು ಮರೆಯುತ್ತೇವೆ. ಕಾಗದ ಬಂದರೆ ಏನಾದರೂ ಬರೆಯಲೇಬೇಕು. ನಾನು ಹೇಳುತ್ತಿದ್ದೇನೆ, ಅಂಥ ಕಾಗದಕ್ಕೆ ನಾವು ಹೆದರುತ್ತೇವೆ.

ಹಳೇ ಗುಮಾಸ್ತ
ಭೇಷ್. ಮೊದಲ ಸಲ ಒಬ್ಬ ಅಧಿಕಾರಿ ಗುಟ್ಟು ಬಿಟ್ಟಿದ್ದಾನೆ.

ತಕರಾರು
'ಎಲ್ಲವೂ ತುರ್ತು' ಅಂತ ಬರೆದು ವಾಪಸ್ ಬರುತ್ತದೆ, ಬೇಕಾದರೆ ಪಣ ಕಟ್ಟಿ.

ಖಾಸಗಿ ಜೀತ
ಕೆಲಸದ ಸಮಯವನ್ನೇ ಇಳಿಸಿದ ಕಡೆಗಳೂ ಇವೆಯಂತೆ. ಐಸ್‌ಲ್ಯಾಂಡಿನಲ್ಲಿ 2015ರಿಂದ 2019ರ ತನಕ ಪ್ರಯೋಗ ಮಾಡಿದರು, ಸುಮಾರು 2,500 ಸಾರ್ವಜನಿಕ ನೌಕರರು. ವಾರಕ್ಕೆ 40 ಗಂಟೆ ಇದ್ದದ್ದನ್ನು 35-36ಕ್ಕೆ ಇಳಿಸಿದರು, ಸಂಬಳ ಮುಟ್ಟಲಿಲ್ಲ. ಹೆಚ್ಚಿನ ಕಡೆ ಕೆಲಸ ನಿಲ್ಲಲಿಲ್ಲ. ಮಾಡಿದ್ದು ಏನು ಅಂದರೆ ಮೀಟಿಂಗ್ ಕತ್ತರಿಸಿದರು, ಬೇಡದ ಕೆಲಸ ಕೈಬಿಟ್ಟರು.

ರಾತ್ರಿ ಪಾಳಿ
ಆಸ್ಪತ್ರೆಯಂಥ ಪಾಳಿ ಕೆಲಸದಲ್ಲಿ ಹಾಗೆ ಕತ್ತರಿಸಲು ಆಗುವುದಿಲ್ಲ, ಜನ ಸೇರಿಸಲೇಬೇಕು. ಹಾಸಿಗೆಯ ಮೇಲೆ ಇರುವವನನ್ನು ಕೈಬಿಡಲು ಬರುತ್ತದಾ? ಆದರೆ ಕಚೇರಿಗೆ ಸರಿ.

ಸಾಲಿನಲ್ಲಿ ನಿಂತವ
ಒಂದು ಪ್ರಶ್ನೆ, ಜಗಳಕ್ಕಲ್ಲ. ನಾವು ಹೊರಗಿನವರು ಏನು ಮಾಡಿದರೆ ನಿಮಗೆ ಸುಲಭ? ಕೂಗಿದವನ ಕೆಲಸ ಮೊದಲು ಆಗುತ್ತದೆ ಅಂತ ನೀವೇ ಹೇಳಿದಿರಿ. ಹಾಗಾದರೆ ನಾನು ಕೂಗಲೇಬೇಕು ತಾನೇ?

ಮೂರು ಮೇಜು
ಉತ್ತರ ಗೊತ್ತಿಲ್ಲ. ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಕೂಗುತ್ತಿದ್ದೆ.

ಪಟ್ಟಿ ಬರೆಯಲು ಕೂತಿದ್ದೇನೆ. ಬರೆದು ಹೇಳುತ್ತೇನೆ.

ಮೂರು ಮೇಜು
ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ (ನಮೂನೆ ಇಲ್ಲದೆ).

ಪಟ್ಟಿಯಲ್ಲಿ 41 ಕೆಲಸ ಬಂತು. ಗಂಟೆ ಕೂಡಿಸಿದರೆ ವಾರಕ್ಕೆ 73. ಕೊಟ್ಟೆ. ನಾಲ್ಕು ದಿನ ಸದ್ದಿಲ್ಲ. ಐದನೇ ದಿನ ಕರೆದರು. ತಕರಾರು ಪಣ ಅರ್ಧ ಗೆದ್ದರು. 'ಎಲ್ಲವೂ ಮುಖ್ಯವೇ ಅಲ್ವಾ' ಅಂದರು. ನಾನು ಸುಮ್ನೆ ನಿಂತೆ. ಆಮೇಲೆ ಅವರೇ ಪೆನ್ನು ತೆಗೆದು ನೋಡುತ್ತಾ ಹೋದರು. ತಿಂಗಳಿಗೊಮ್ಮೆ ಕಳಿಸುವ ಎರಡು ವರದಿ ಯಾರು ಕೇಳುತ್ತಾರೆ ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಮೇಲೆ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿಯೂ ಯಾರಿಗೂ ಗೊತ್ತಿಲ್ಲ. ಆ ವರದಿ ಹೋಗುತ್ತಿದ್ದ ಶಾಖೆಯನ್ನೇ ಇನ್ನೊಂದರ ಜೊತೆ ಸೇರಿಸಿಬಿಟ್ಟಿದ್ದಾರೆ. ಎರಡೂ ನಿಂತವು. ವಾರಕ್ಕೆ ಐದು ಗಂಟೆ ಉಳಿಯಿತು.

ಇನ್ನೊಂದು ಕೇಳಿಕೊಂಡೆ: ಬೆಳಿಗ್ಗೆ ಮೊದಲ ಒಂದು ಗಂಟೆ ಯಾರೂ ಕರೆಯಬಾರದು, ಹಳೇ ಅರ್ಜಿಗಳನ್ನು ದಿನಾಂಕದ ಪ್ರಕಾರ ನೋಡುತ್ತೇನೆ ಅಂತ. ಒಪ್ಪಿದರು. ವಾರದಲ್ಲಿ ಎರಡು ದಿನವಾದರೂ ನಡೆಯುತ್ತಿದೆ. ಕೂಗದವರ ಕಡತ ಸ್ವಲ್ಪ ಕದಲಿದೆ.

ಹೊಸಬಳು
ಐದು ಗಂಟೆ! ನಾನೂ ಪಟ್ಟಿ ಶುರು ಮಾಡಿದೆ.

ತಕರಾರು
73ರಲ್ಲಿ 5 ಹೋದರೆ 68. ಹಬ್ಬ ಮಾಡುವ ಮೊದಲು ಲೆಕ್ಕ ನೋಡಿ.

ಅರ್ಧ ಅಧಿಕಾರಿ
ಖಾಲಿ ಹುದ್ದೆಗಳ ಬಗ್ಗೆ ಏನಾದರೂ ಹೇಳಿದರಾ?

ಮೂರು ಮೇಜು
ಹುದ್ದೆ ತುಂಬುವ ಮಾತಿಲ್ಲ. ಪ್ರಭಾರ ಮುಂದುವರಿಸುವ ಆದೇಶ ನಿನ್ನೆ ಬಂತು. 'ಮುಂದಿನ ಆದೇಶದವರೆಗೆ, ತಾತ್ಕಾಲಿಕವಾಗಿ.' ಟೈಪ್ ಮಾಡಿದ್ದು ನಾನೇ. ಸಿಬ್ಬಂದಿ ಮೇಜೂ ನನ್ನದೇ ಅಲ್ವಾ.